ಹಗೇವು ಮುಚ್ಚುವ ಮುಂಚೆ

ಪುಷ್ಯ ಮಾಸದ ಚಳಿ ಹಿಡಿದಿತ್ತು. ಕಣದಲ್ಲಿ ರಾಗಿ ಒಕ್ಕಣೆ ಶುರುವಾಗಿ ಆಗಲೇ ಆರು ದಿನ. ಬೆಳಗಿನ ಇಬ್ಬನಿ ಆರುವ ತನಕ ತೆನೆ ಹರಡುವಂತಿಲ್ಲ. ಅಷ್ಟರಲ್ಲಿ ಗಂಡಸರು ಎತ್ತುಗಳಿಗೆ ಹುಲ್ಲು ಹಾಕಿ, ಬೀಡಿ ಹಚ್ಚಿ, ಹೋದ ವರ್ಷ ಎಷ್ಟು ಬೆಳೆದಿತ್ತು ಎಂಬ ಸುಳ್ಳನ್ನು ಮತ್ತೊಂದು ಸಲ ಹೇಳಿಕೊಳ್ಳುತ್ತಿದ್ದರು. ನಾನು ಕಣದ ಮೂಡಣ ಮೂಲೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ಕೂತು, ಹಿಂದಿನ ದಿನದ ರಾಗಿಯನ್ನು ಕೇರುತ್ತಿದ್ದೆ. ಐದು ತಿಂಗಳ ಹೊಟ್ಟೆ ಮೊರಕ್ಕೆ ಅಡ್ಡ ಬರುತ್ತಿತ್ತು. ನನಗೆ ಮೂಡಣ ಮೂಲೆಯೇ ಯಾಕೆಂದರೆ ಪಡುವಣ ಮೂಲೆಯಲ್ಲಿ ಒಲೆ ಇತ್ತು. ಒಲೆಗೂ ನನಗೂ ನಡುವೆ ಊರು ಇಟ್ಟಿದ್ದ ದೂರ ಹದಿನೈದು ಮಾರು. ನನ್ನ ಬಾಕಿ, ಎಡಗೈ ಸುಡುವುದು.

ನಮ್ಮೂರಲ್ಲಿ ಬಾಕಿ ಎಂದರೆ ದುಡ್ಡಿನ ಮಾತಲ್ಲ. ಹೊಸ ರಾಗಿ ಬಂದಾಗ, ಈಗ ಊರಿಗೆ ಮೊರ ಹಿಡಿಯುವ ಜವರಮ್ಮ ಒಂದು ಹಿಡಿ ರಾಗಿಯನ್ನು ಮೊರದಲ್ಲಿ ಹಾಕಿಕೊಂಡು ಬಸುರಿಯ ಹೊಟ್ಟೆಗೆ ಮೂರು ಸಲ ಮುಟ್ಟಿಸುತ್ತಾಳೆ. ರಾಗಿ ತಾನಾಗಿ ಸರಿದು ಒಂದು ಕಡೆ ನಿಲ್ಲುತ್ತದೆ. ಹುಟ್ಟುವ ಕೂಸಿಗೆ ಮುಂದೆ ಆಗಲಿರುವ ಒಂದು ಸಂಗತಿಯನ್ನು, ಒಂದೇ ಒಂದನ್ನು, ಅವಳು ನೋಡಿ ಹೇಳುತ್ತಾಳೆ. ಯಾವಾಗ ಆಗುತ್ತದೆ, ಎಷ್ಟು ಆಗುತ್ತದೆ ಎಂಬುದನ್ನು ಮೊರ ಹೇಳುವುದಿಲ್ಲ. ಆದರೆ ಹೇಳಿದ್ದು ತಪ್ಪಿದ್ದೂ ಇಲ್ಲ. ಅದು ಆಗುವ ತನಕ ಬಾಕಿ. ಆದ ದಿನ ಬಾಕಿ ತೀರಿತು ಅಂತ ಆ ಮನೆಯವರು ಊರಿಗೆಲ್ಲ ಹುಗ್ಗಿ ಊಟ ಹಾಕಬೇಕು. ಕಾಲು ಮುರಿದವನು ಒಳಗೆ ಹಲಗೆ ಕಟ್ಟಿಸಿಕೊಂಡು ನರಳುತ್ತಿರುತ್ತಾನೆ, ಊರು ಅವನ ಜಗುಲಿಯಲ್ಲಿ ಕೂತು ಹುಗ್ಗಿಗೆ ತುಪ್ಪ ಸಾಲದು ಅನ್ನುತ್ತಿರುತ್ತದೆ.

ಬಾಕಿ ಇರುವವರಿಗೆ ಸಾವಿಲ್ಲ; ಹೇಳಿದ್ದು ಆಗಲೇಬೇಕಲ್ಲ, ಆಗದೆ ಹೇಗೆ ಸಾಯುತ್ತಾರೆ? ಊರಲ್ಲಿ ಇದನ್ನು ಸರಿಯಾಗಿ ಬಳಸಿಕೊಂಡವನು ಕೆಂಚಪ್ಪಜ್ಜ. ಅವನು ಕುದುರೆ ಏರುತ್ತಾನೆ ಅಂತ ಮೊರ ಹೇಳಿತ್ತಂತೆ. ತೊಂಬತ್ತು ದಾಟಿದರೂ ಅಜ್ಜ ಕುದುರೆಯ ನೆರಳನ್ನೂ ತುಳಿದಿಲ್ಲ. ಜಟಕಾಗಳು ಕೆರೆ ಏರಿ ದಾಟಿ ಊರೊಳಗೆ ಬರಕೂಡದು ಅಂತ ಕಟ್ಟು ಮಾಡಿಸಿದವನೂ ಅವನೇ. ಜಮೀನು ಭಾಗವಾಗುವುದನ್ನು ಕಾಯುತ್ತಾ ಅವನ ಮಕ್ಕಳೇ ತಾತಂದಿರಾದರು. ಒಬ್ಬ ಮಗ ಒಮ್ಮೆ ಮೊಮ್ಮಗನಿಗೆಂದು ಮರದ ಕುದುರೆ ತಂದಿದ್ದಕ್ಕೆ ಅಜ್ಜ ಮೂರು ದಿನ ಕೊಟ್ಟಿಗೆಯಲ್ಲಿ ಮಲಗಿದ.

ಹೀಗಾಗಿ ನಮ್ಮೂರ ಬಸುರಿಯರು ಬೇಡಿಕೊಳ್ಳುವುದು ಒಳ್ಳೆಯ ಸಂಗತಿಯನ್ನಲ್ಲ, ತಡವಾಗಿ ಆಗುವ ಸಂಗತಿಯನ್ನು. ಮೇಲಿನ ಬೀದಿಯ ಗುರುಸಿದ್ದಿಗೆ 'ನಿನ್ನ ಕೂಸು ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತದೆ' ಅಂತ ಬಂದಾಗ ಅವಳು ವರ್ಷವಿಡೀ ನೆಲ ನೋಡಿ ನಡೆಯಲಿಲ್ಲ. ಆ ಹುಡುಗ ಕಂಡ ಮರ ಹತ್ತಿದ, ಕಂಡ ಬಾವಿ ಹಾರಿದ. ತಾಯಿ 'ಅವನಿಗೇನಾಗ್ತದೆ ಬಿಡಿ' ಅಂತ ನಗುತ್ತಿದ್ದಳು. ಹನ್ನೆರಡಕ್ಕೆ ಎರಡೂ ಕೈ ಮುರಿದುಕೊಂಡ. ಸಾಯಲಿಲ್ಲ, ಅಷ್ಟೇ. ಈಗ ಮೊಮ್ಮಕ್ಕಳನ್ನು ಯಾವ ಕೈಯಲ್ಲಿ ಎತ್ತುತ್ತಾನೋ ಅಂತ ಊರೇ ಕಾಯುತ್ತಿದೆ.

ನನ್ನ ಅವ್ವ ನನ್ನ ಎಡಗೈಯನ್ನು ಇಪ್ಪತ್ತೆಂಟು ವರ್ಷ ಕಾದಳು. ಒದ್ದೆ ಬಟ್ಟೆ ಸುತ್ತಿಯೇ ಶಾಲೆಗೆ ಕಳಿಸುತ್ತಿದ್ದಳು. ಅಕ್ಷರ ಒದ್ದೆಯಾಗುತ್ತದೆ ಅಂತ ಮೇಷ್ಟರು ಬೈದರೆ, 'ಅಕ್ಷರ ಒಣಗ್ತವೆ ಸ್ವಾಮಿ, ಕೈ ಬೆಳೀತದಾ?' ಅಂದಳು. ದೀಪಾವಳಿಯಲ್ಲಿ ಬೇರೆ ಮಕ್ಕಳು ಪಟಾಕಿ ಹಚ್ಚುತ್ತಿದ್ದಾಗ ನಾನು ಬಚ್ಚಲಲ್ಲಿ ಕೂತು ಬಕೆಟ್ಟಿನ ನೀರಲ್ಲಿ ಕೈ ಇಳಿಬಿಟ್ಟಿರುತ್ತಿದ್ದೆ. ಮದುವೆಯಲ್ಲಿ ಆರತಿಯನ್ನು ಬಲಗಡೆಯಿಂದಲೇ ಎತ್ತಿದರು, ಅದೂ ತೋಳು ಚಾಚಿ, ದೂರದಿಂದ. ಒಲೆ ಹಚ್ಚಲು ನನಗೆ ಬರುವುದಿಲ್ಲ. ಕಡ್ಡಿ ಗೀರಲೂ ಬರುವುದಿಲ್ಲ. ಇಂಥವಳನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ಊರು ಮಾತಾಡುತ್ತಿದ್ದಾಗ ಮುದ್ದಯ್ಯ ಒಪ್ಪಿದ. ಅವನ ಬಾಕಿ ಚಿಕ್ಕಂದಿನಲ್ಲೇ ತೀರಿತ್ತು. 'ಇವನ ಬಟ್ಟೆ ಊರೆದುರು ಕಳಚುತ್ತದೆ' ಅಂತ ಬಂದಿದ್ದಕ್ಕೆ ಅವನ ತಾಯಿ, ಅಂದರೆ ನನ್ನ ಅತ್ತೆ ದ್ಯಾವಮ್ಮ, ಅವನ ಚಡ್ಡಿಗೆ ಎರಡೆರಡು ಲಾಡಿ ಹಾಕಿ ಹೊಲಿಯುತ್ತಿದ್ದಳು. ಒಂಬತ್ತನೇ ವಯಸ್ಸಿನಲ್ಲಿ, ಶಾಲೆಯ ಬಾವುಟದ ದಿನ, ಆ ಎರಡನೇ ಲಾಡಿಯೇ ಬಾವುಟದ ಕಂಬದ ಮೊಳೆಗೆ ಸಿಕ್ಕಿಕೊಂಡಿತು. ಅಂದಿನಿಂದ ಅವನು ಹಗುರ ಮನುಷ್ಯ. ಮುದ್ದೆ ತಿರುವುತ್ತಾನೆ, ಸಾರು ಮಾಡುತ್ತಾನೆ, ಯಾರು ನಕ್ಕರೂ ಜೊತೆಗೆ ನಗುತ್ತಾನೆ.

ಆ ಬೆಳಿಗ್ಗೆ ಜವರಮ್ಮ ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತಳು. ನಾನು ಕೇರಿದ ರಾಗಿಯನ್ನು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡು ಕಲ್ಲಿದೆಯೇ ನೋಡಿದಳು.

"ಐದು ತುಂಬ್ತಲ್ಲ ಚಲುವಿ. ಯಾವತ್ತು ಬರ್ತೀಯ?"

"ನೋಡಣ ಜವರಕ್ಕ."

"ಒತ್ತಾಯ ಏನಿಲ್ಲ ಕಣ್ ಮಗ. ಮೊರ ನನ್ನತ್ರ ಐತೆ, ಹೊಟ್ಟೆ ನಿನ್ನತ್ರ ಐತೆ. ಹಗೇವು ಮುಚ್ಚಕ್ಕೆ ಇನ್ನು ನಾಕು ದಿನ. ಅಷ್ಟೇ ನಾನು ಹೇಳದು."

ಕಣದ ಪಕ್ಕದಲ್ಲಿ ನೆಲದೊಳಗೆ ಕೊರೆದ ಗುಂಡಿ ನಮ್ಮ ಹಗೇವು. ವರ್ಷದ ರಾಗಿ ಅದರೊಳಗೆ ಇಳಿದು, ಬಾಯಿಗೆ ಕಲ್ಲು ಮುಚ್ಚಿದ ಮೇಲೆ ಮೊರ ಮಾತಾಡುವುದಿಲ್ಲ. ಆಮೇಲೆ ಬೇಕೆಂದರೂ ಇಲ್ಲ.

"ಬೇಡ ಅಂದ್ರೆ?" ಅಂದೆ.

ಜವರಮ್ಮನ ಬಾಯಲ್ಲಿ ರಾಗಿ ನಿಂತಿತು. "ಬೇಡ ಅಂದ್ರೆ ಬೇಡ. ಯಾರು ಹಿಡ್ಕಂಡಿದಾರೆ? ಬೇಡ ಅನ್ನೋರು ಮುಚ್ಚೋ ದಿನ ಬಂದು, ಎಲ್ರ ಎದುರ್ಗೆ ಬೇಡ ಅಂತ ಕಲ್ಲಿನ ಮೇಲೆ ಹೆಬ್ಬೆಟ್ಟು ಒತ್ತಬೇಕು ಅಂತಾರಪ್ಪ. ನಾನಂತೂ ಯಾರೂ ಒತ್ತಿದ್ದು ನೋಡಿಲ್ಲ. ಒತ್ತಾಯ ಏನಿಲ್ಲ."

ಆ ಹೊತ್ತಿಗೆ ಒಂದು ಮಾತು ಕೇಳಬೇಕು ಅನ್ನಿಸಿತು. "ನಿಮ್ಮ ಐದು ಮಕ್ಕಳಿಗೆ ಏನೇನು ಬಂದಿತ್ತು ಜವರಕ್ಕ?"

"ನನ್ನ ಮಕ್ಕಳಿಗಾ?" ಅವಳು ಎದ್ದು ಸೀರೆಯ ಹೊಟ್ಟು ಕೊಡವಿದಳು. "ನನ್ನ ಹೊಟ್ಟೆಗೆ ನಾನೇ ಮೊರ ಹಿಡಿಯಕ್ಕಾಯ್ತದಾ? ಕೈ ಎಟುಕಲ್ಲ."

"ಐದು ಸಲಾನೂ?"

"ಐದು ಸಲಾನೂ ಎಟುಕ್ಲಿಲ್ಲ," ಅಂದು ಹೊರಟೇಹೋದಳು.

ಮುದ್ದಯ್ಯನನ್ನು ಕೇಳಿದೆ. ಅವನು ಮುದ್ದೆಕೋಲು ಹಿಡಿದು ಮಡಕೆಯನ್ನು ಪಾದದಲ್ಲಿ ಒತ್ತಿಕೊಂಡು ತಿರುವುತ್ತಿದ್ದ. ನಾನು ಅಡುಗೆಮನೆಯ ಹೊಸ್ತಿಲಾಚೆ, ನನ್ನ ಜಾಗದಲ್ಲಿ ನಿಂತಿದ್ದೆ.

"ನಿನ್ನಿಷ್ಟ ಕಣೇ," ಅಂದ.

"ನಿಮಗೆ ಏನನ್ನಿಸ್ತದೆ ಅಂದ್ರೆ ನಿನ್ನಿಷ್ಟ ಅಂತೀರಲ್ಲ."

"ನನಗನ್ನಿಸದೇ ಅದು. ನಿನ್ನಿಷ್ಟ ಅಂತ."

ನಿನ್ನಿಷ್ಟ ಅನ್ನುವ ಮಾತಿಗೆ ಒಂದು ಪಲ್ಲ ರಾಗಿಯ ಭಾರ ಇದೆ ಅಂತ ನನಗೆ ಅವತ್ತು ತಿಳಿಯಿತು. ಊರಲ್ಲಿ ಪ್ರತಿಯೊಬ್ಬರೂ ಅದನ್ನು ತಂದು ನನ್ನ ತಲೆಯ ಮೇಲೆ ಇಟ್ಟು, ತಮ್ಮ ಭಾರ ಇಳಿಯಿತು ಅಂತ ಹೋಗುತ್ತಿದ್ದರು. ಅವನು ಮುದ್ದೆ ಕಟ್ಟಿ ತಟ್ಟೆಗೆ ಹಾಕಿ, ಹೊಸ್ತಿಲ ಬಳಿ ತಂದುಕೊಟ್ಟು, ಆಮೇಲೆ ಸಣ್ಣ ದನಿಯಲ್ಲಿ ಅಂದ: "ಬಿದ್ದೋಗೋ ಚಡ್ಡಿ ಬಿದ್ದೋಯ್ತು. ಆದ್ರೆ ಅದಕ್ಕೆ ಮುಂಚೆ ಒಂಬತ್ತು ವರ್ಷ ನಾನು ಒಂದ್ಸಲಾನೂ ಓಡ್ಲಿಲ್ಲ ಚಲುವಿ. ಸೊಂಟ ಹಿಡ್ಕಂಡೇ ನಡೀತಿದ್ದೆ." ಹೇಳಿದವನು ನಕ್ಕ. ನನಗೆ ನಗು ಬರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅತ್ತೆ ಅವರೆಕಾಯಿ ಬಿಡಿಸುತ್ತಾ ಹಟ್ಟಿಯಲ್ಲಿ ಕೂತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡೆ. ಅತ್ತೆಗೆ ಮುದ್ದಯ್ಯನಿಗಿಂತ ಮುಂಚೆ ಒಂದು ಹೆಣ್ಣುಕೂಸು ಇತ್ತೆಂದು ಕೇಳಿದ್ದೆ, ಅವಳ ಬಾಯಿಂದ ಯಾವತ್ತೂ ಕೇಳಿರಲಿಲ್ಲ.

"ನನ್ನ ಪುಟ್ಟಿಗೆ ಮೊರ 'ಸುರುಳಿ ಕೂದಲು' ಅಂದಿತ್ತು," ಅಂದಳು ತಾನಾಗಿಯೇ. "ಎಷ್ಟು ಸುಖವಾಗಿದ್ದೆ ಗೊತ್ತಾ? ಕೂದಲು ತಾನೇ ಅಂತ. ಹುಟ್ಟಿದಾಗ್ಲೇ ತಲೆ ತುಂಬ ಸುರುಳಿ. ಹನ್ನೊಂದನೇ ದಿನವೇ ಹುಗ್ಗಿ ಹಾಕ್ಸಿದ್ವಿ, ಬಾಕಿ ತೀರ್ತು ಅಂತ. ಮೂರು ವರ್ಷಕ್ಕೆ ಜ್ವರ ಬಂತು."

ಕಾಯಿಯೊಳಗಿನ ಹುಳುವನ್ನು ಅವಳು ಉಗುರಲ್ಲಿ ತೆಗೆದು ಬಿಸಾಕಿದಳು.

"ಮೊರನ ಬೈಲಿಲ್ಲ ನಾನು. ಅದು ಸುಳ್ಳು ಹೇಳಿರ್ಲಿಲ್ವಲ್ಲ."

"ಹಂಗಾದ್ರೆ ನಾನು ಯಾಕೆ ಕೇಳ್ಬೇಕು ಅತ್ತೆಮ್ಮ?"

"ಕೇಳ್ಬೇಡ. ನಾನೇನು ಕೇಳು ಅಂದ್ನಾ? ಆದ್ರೆ ಒಂದು ತಿಳ್ಕ. ಕೇಳಿ, ಆಮೇಲೆ ಏನಾದ್ರೂ ಆದ್ರೆ, 'ಪಾಪ ದ್ಯಾವಮ್ಮ' ಅಂತಾರೆ. ಕೇಳದೆ ಇದ್ದು, ನಾಳೆ ಆ ಕೂಸಿಗೆ ಒಂದು ಮುಳ್ಳು ಚುಚ್ಚಿದ್ರೂ, 'ಇವಳು ಕೇಳ್ಲಿಲ್ಲ, ಅದ್ಕೇ' ಅಂತಾರೆ. ನಮ್ಮೂರಲ್ಲಿ ಮೊರ ಕೇಳದು ಕೂಸಿಗೋಸ್ಕರ ಅಂದ್ಕಂಡಿದೀಯಾ?"

ಅವರೆಕಾಳು ಮೊರದಲ್ಲಿ ಟಪಟಪ ಬೀಳುತ್ತಿತ್ತು. ಅತ್ತೆಯ ಬಾಕಿ ಏನಾಗಿತ್ತೆಂದು ಊರಿಗೆಲ್ಲ ಗೊತ್ತಿತ್ತು: 'ಒಂದು ಕೂಸನ್ನು ಮಣ್ಣಿಗಿಡುತ್ತಾಳೆ.' ಅವಳು ಹುಟ್ಟುವ ಮುಂಚೆಯೇ ಬಂದಿದ್ದ ಮಾತು. ಅದು ಗೊತ್ತಿದ್ದೂ ಅವಳು ಸುರುಳಿ ಕೂದಲಿಗೆ ಹುಗ್ಗಿ ಹಾಕಿಸಿದ್ದಳು. ಪುಟ್ಟಿ ಸತ್ತ ಮೇಲೆ ಅವಳ ಬಾಕಿಯೂ ತೀರಿ, ಅವಳಿಗೂ ಒಂದು ಊಟ ಹಾಕಿಸುವ ಸರದಿ ಬಂದಿತ್ತು. ಅದನ್ನು ಮಾತ್ರ ಊರು ಕೇಳಲಿಲ್ಲವಂತೆ.

ಮೂರನೇ ದಿನ ಅವ್ವ ಕೆಳಗಿನ ಬೀದಿಯಿಂದ ಬಂದಳು. ದಿನಕ್ಕೊಂದು ಸಲ ಬರುತ್ತಿದ್ದವಳು ನಾನು ಬಸುರಿಯಾದ ಮೇಲೆ ಎರಡು ಸಲ ಬರುತ್ತಿದ್ದಳು. ಬಂದವಳೇ ನನ್ನ ಎಡಗೈ ಬಟ್ಟೆ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಮತ್ತೆ ನೀರಲ್ಲಿ ಅದ್ದಿ ಸುತ್ತುವುದು.

"ಜವರಿ ಏನೋ ಅಂತಿದ್ಳು," ಅಂದಳು. "ಹೆಬ್ಬೆಟ್ಟು ಅಂತೆ, ಬೇಡ ಅಂತೆ."

"ಹೂಂ ಕಣವ್ವ."

"ನನ್ನ ಮೇಲೆ ಕೋಪವಾ?"

ಅದಕ್ಕೆ ನಾನು ತಯಾರಾಗಿರಲಿಲ್ಲ. "ನಿನ್ನ ಮೇಲೆ ಯಾಕೆ ಕೋಪ?"

"ನಾನು ಕೇಳಿದ್ಕೇ ಅಲ್ವಾ ನೀನು ಈ ಬಟ್ಟೆ ಕಟ್ಕಂಡು ತಿರುಗಿದ್ದು? ಕೇಳ್ದೆ ಇದ್ದಿದ್ರೆ ನೀನು ಎಲ್ಲರಂಗೆ ಒಲೆ ಮುಂದೆ ಕೂರ್ತಿದ್ದೆ. ಹಂಗಂತಾನೇ ತಾನೇ ನೀನು ಬೇಡ ಅನ್ನದು?"

ಹೌದು ಅನ್ನುವುದಾದರೆ ಇಪ್ಪತ್ತೆಂಟು ವರ್ಷ ನೀನು ಮಾಡಿದ್ದೆಲ್ಲ ವ್ಯರ್ಥ ಅಂದಂತೆ. ಅಲ್ಲ ಅನ್ನುವುದಾದರೆ ನಾಳೆ ಮೊರದ ಮುಂದೆ ಕೂರಬೇಕು. ಅವ್ವ ಬಟ್ಟೆಯ ಗಂಟು ಹಾಕುತ್ತಾ ಅಂದಳು: "ಒಂದು ಹೇಳ್ತೀನಿ ಕೇಳು. ಹೆರಿಗೆ ಅಂದ್ರೆ ಸಣ್ಣ ವಿಷ್ಯ ಅಲ್ಲ. ನಿಮ್ಮ ಚಿಕ್ಕಮ್ಮ ಹೋದದ್ದು ಹೆರಿಗೇಲೇ. ಅವಳ ಬಾಕಿ ತೀರಿತ್ತು. ನಿಂದು ತೀರಿಲ್ಲ. ಈ ಕೈ ಹಿಂಗೇ ಇರಗಂಟ ನಿನಗೇನೂ ಆಗಲ್ಲ, ಅದೊಂದು ಧೈರ್ಯ ನನಗೆ. ನಿನ್ನ ಕೂಸಿಗೂ ಅಂಥದ್ದೊಂದು ಇರ್ಲಿ ಅಂತ. ಇನ್ನೇನಿಲ್ಲ."

ಇಷ್ಟು ವರ್ಷ ಅವ್ವ ನನ್ನ ಕೈಯನ್ನು ನೋವಾಗದಂತೆ ಕಾಯುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಕಾಯುತ್ತಿದ್ದದ್ದು ಕೈಯನ್ನಲ್ಲ, ನನ್ನನ್ನು. ಅದು ತಿಳಿದ ಮೇಲೆ ಬೇಡ ಅನ್ನುವುದು ಇನ್ನೂ ಕಷ್ಟವಾಯಿತು. ರಾತ್ರಿ ಕೂಸು ಒಳಗೆ ಹೊರಳಿತು. ಏನೂ ಗೊತ್ತಿಲ್ಲದ ಹೊರಳಾಟ, ಎಡಕ್ಕೋ ಬಲಕ್ಕೋ ಅದರ ಮನಸ್ಸು ಬಂದ ಕಡೆಗೆ. ನಾಳೆ ಮೊರ 'ನೀರಲ್ಲಿ ಬೀಳುತ್ತದೆ' ಅಂದರೆ ನಾನು ಇದನ್ನು ಕೆರೆಗೆ ಬಿಡುವುದಿಲ್ಲ. 'ಕಾಲು ಎಳೆಯುತ್ತದೆ' ಅಂದರೆ ಅದು ಇಡುವ ಒಂದೊಂದು ಹೆಜ್ಜೆಯನ್ನೂ ನೋಡುತ್ತಾ ಕೂರುತ್ತೇನೆ. 'ಮೊಮ್ಮಕ್ಕಳನ್ನು ಎತ್ತುತ್ತದೆ' ಅಂದರೆ ಮರ ಹತ್ತಲು ಬಿಟ್ಟುಬಿಡುತ್ತೇನೆ. ಮೊರ ಏನೇ ಹೇಳಲಿ, ನಾನು ಇದರ ಮುಖ ನೋಡುವ ಮುಂಚೆ ಅದನ್ನೇ ನೋಡಿರುತ್ತೇನೆ. ಬೆಳಗಾಗುವ ಹೊತ್ತಿಗೆ ಬೇಡ ಅಂತ ಆಗಿತ್ತು.

ಹಗೇವು ಮುಚ್ಚುವ ದಿನ ಊರೆಲ್ಲ ಕಣದಲ್ಲಿತ್ತು. ರಾಗಿ ಒಳಗೆ ಇಳಿದಿತ್ತು, ಬಾಯಿಕಲ್ಲು ಪಕ್ಕದಲ್ಲಿ ತೊಳೆದು ಇಟ್ಟಿತ್ತು. ಒಲೆಯ ಮೇಲೆ ಮುಚ್ಚುವ ದಿನದ ಹುಗ್ಗಿ ಬೇಯುತ್ತಿತ್ತು. ನಾನು ಹೋಗಿ ಬೇಡ ಅಂದೆ. ಯಾರೂ ಬೈಯಲಿಲ್ಲ. ಒತ್ತಾಯ ಏನಿಲ್ಲ ಅಂತ ಹತ್ತು ಜನ ಹತ್ತು ಸಲ ಅಂದರು. ಆದರೆ ಬೇಡ ಅನ್ನುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಕೆಂಚಪ್ಪಜ್ಜನನ್ನು ಹೊತ್ತು ತಂದರು. ನಡೆದು ಬರಲಾಗದ ಮುದುಕ. ಮಗನ ಬೆನ್ನೇರಲು ಒಪ್ಪದೆ, ಅದೂ ಕುದುರೆಯಂತೆಯೇ ಅಂತ ತಕರಾರು ಮಾಡಿ, ಮಂಚದ ಸಮೇತ ಬಂದ.

"ನಮ್ಮಜ್ಜಿ ಕಾಲದಲ್ಲಿ ಒಬ್ಬಳು ಒತ್ತಿದ್ಳು," ಅಂದ. "ಒಲೆ ಬೂದಿ ತರ್ಬೇಕು. ಬೂದೀಲಿ ಹೆಬ್ಬೆಟ್ಟು ಅದ್ದಿ ಕಲ್ಲಿನ ಮೇಲೆ ಒತ್ಬೇಕು. ನಾಳೆ ಮೊರದ ಮೇಲೆ ತಪ್ಪು ಬರಬಾರ್ದು, ಅದ್ಕೆ."

"ಯಾವ ಕೈ ಅಜ್ಜ?" ಅಂದ ಮುದ್ದಯ್ಯ.

"ಹೆಣ್ಮಕ್ಕಳಿಗೆ ಎಡಗೈ."

ಅವ್ವ ಎದ್ದು ನಿಂತಳು. "ಅಜ್ಜ, ಇವಳಿಗೆ ಬಲಗೈ ಮಾಡ್ಕೊಡಿ. ಇವಳ ಬಾಕಿ ನಿಮಗೆ ಗೊತ್ತಲ್ಲ."

"ಬದಲು ಮಾಡಕ್ಕೆ ನಾನ್ಯಾರವ್ವ? ಬೂದಿ ತಣ್ಣಗಿರ್ಲಿ, ಅಷ್ಟು ನೋಡ್ಕಳಿ. ಇಲ್ಲಾ ಅಂದ್ರೆ ಮೊರಕ್ಕೆ ಕೂತ್ಕಳ್ಳಿ. ಒತ್ತಾಯ ಏನಿಲ್ಲ."

ಎಲ್ಲರೂ ನನ್ನನ್ನು ನೋಡಿದರು. "ಬೂದಿ ತನ್ನಿ," ಅಂದೆ.

ಜವರಮ್ಮ ಮುರಿದ ಮಡಕೆಯ ಚೂರಿನಲ್ಲಿ ಬೂದಿ ತಂದಳು. ಎಲ್ಲರೆದುರು ಅದರೊಳಗೆ ಐದೂ ಬೆರಳಿಟ್ಟು ಕದಡಿ ತೋರಿಸಿದಳು. "ಐಸಿನಂಗೈತೆ." ಅವ್ವನೂ ತುದಿಬೆರಳಲ್ಲಿ ಮೇಲೆ ಮುಟ್ಟಿ ನೋಡಿದಳು. ತಣ್ಣಗಿತ್ತು. ನಲವತ್ತು ವರ್ಷ ರಾಗಿ ಕೇರಿ, ಹಂಚಿನ ಮೇಲಿನ ರೊಟ್ಟಿಯನ್ನು ಕೈಯಲ್ಲೇ ಮಗುಚಿ, ಜವರಮ್ಮನ ಬೆರಳುಗಳು ಎತ್ತಿನ ಗೊರಸಾಗಿದ್ದವು ಅನ್ನುವುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಅವ್ವ ನನ್ನ ಕೈಯ ಬಟ್ಟೆ ಬಿಚ್ಚಿದಳು. ಹುಟ್ಟಿದಂದಿನಿಂದ ಬಿಸಿಲು ಕಾಣದ ಕೈ, ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿತ್ತು. ಅರ್ಧ ಮನಸ್ಸಿನಲ್ಲಿ ಒತ್ತಿದಳು ಅನ್ನಬಾರದೆಂದು ನಾನು ಹೆಬ್ಬೆಟ್ಟನ್ನು ಬೂದಿಯ ತಳದವರೆಗೂ ಇಳಿಸಿದೆ.

ತಳದಲ್ಲಿ ಒಂದು ಕೆಂಡ ಇತ್ತು. ಅವರೆಕಾಳಿನಷ್ಟು.

ನಾನು ಕೂಗಲಿಲ್ಲ. ತುಟಿ ಕಚ್ಚಿದೆ, ಹೆಬ್ಬೆಟ್ಟು ತೆಗೆದು ಕಲ್ಲಿನ ಮೇಲೆ ಒತ್ತಿದೆ. ತಣ್ಣನೆ ಕಲ್ಲು, ಹಿತವೆನಿಸಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದೆ. "ಎಷ್ಟು ಗಟ್ಟಿ ಮನಸು ನೋಡು," ಅಂತ ಯಾರೋ ಹಿಂದಿನಿಂದ ಅಂದರು. ಗುರುತು ಚೆನ್ನಾಗಿ ಮೂಡಿತ್ತು. ಮುದ್ದಯ್ಯನೂ ಇನ್ನು ಮೂವರೂ ಕಲ್ಲೆತ್ತಿ ಹಗೇವಿನ ಬಾಯಿಗೆ ಕೂರಿಸಿ ಸುತ್ತ ಮಣ್ಣು ಮೆತ್ತಿದರು. ನಾನು ಮುಷ್ಟಿ ಬಿಗಿಹಿಡಿದು ನಿಂತಿದ್ದೆ. ಇಪ್ಪತ್ತೆಂಟು ವರ್ಷ ಒಲೆ ಹಚ್ಚದೆ, ಪಟಾಕಿ ಹೊಡೆಯದೆ, ಆರತಿಯ ಹತ್ತಿರ ಸುಳಿಯದೆ ಕಾದದ್ದು ಇಷ್ಟಕ್ಕೆ, ಒಂದು ಕಾಳಿನಷ್ಟು ಬೊಬ್ಬೆಗೆ. ನಗು ಬಂತು. ಅದರ ಬೆನ್ನಿಗೇ, ಹೆರಿಗೆಗೆ ಇನ್ನು ನಾಲ್ಕು ತಿಂಗಳು ಅನ್ನುವುದೂ ನೆನಪಾಯಿತು. ಈಗ ನನಗೂ ಕಾವಲಿಲ್ಲ, ಒಳಗಿನದಕ್ಕೂ ಇಲ್ಲ. ಇಬ್ಬರೂ ಒಂದೇ ಸಮ.

ಅವ್ವ ಒದ್ದೆ ಬಟ್ಟೆ ಹಿಡಿದು ಬಂದಳು. "ಕೈ ಕೊಡು."

"ನಾನೇ ಕಟ್ಕತೀನಿ ಬಿಡವ್ವ."

"ಕೊಡು ಅಂದೆ."

ಮುಷ್ಟಿ ಬಿಡಿಸಿದಳು. ಹೆಬ್ಬೆಟ್ಟಿನ ಬೂದಿಯನ್ನು ಸೆರಗಿನಿಂದ ಒರೆಸಿದಳು. ಒರೆಸುತ್ತಿದ್ದವಳು ನಿಂತಳು. ಬೊಬ್ಬೆ ಆಗಲೇ ನೀರು ತುಂಬಿ ಎದ್ದಿತ್ತು. ಅವಳು ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ನನ್ನ ಹೊಟ್ಟೆ ನೋಡಿದಳು. ಒಲೆಯ ಕಡೆಯಿಂದ ಹುಗ್ಗಿಗೆ ತುಪ್ಪ ಸಾಲದು ಅಂತ ಯಾರೋ ಕೂಗುತ್ತಿದ್ದರು. ಅವ್ವ ಬಟ್ಟೆಯನ್ನು ಹೆಬ್ಬೆಟ್ಟಿಗೆ ಎರಡು ಸುತ್ತು ಹೆಚ್ಚು ಸುತ್ತಿ ಗಂಟು ಬಿಗಿದಳು. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಒದ್ದೆ ಬಟ್ಟೆ ನನಗೆ ಹಾಯೆನಿಸಿತು.

ಆಮೇಲೆ ಅವಳು ತಿರುಗಿ, ಇಡೀ ಕಣಕ್ಕೆ ಕೇಳುವ ಹಾಗೆ, ನನ್ನ ಅತ್ತೆಗೆ ಹೇಳಿದಳು: "ಬೀಗಿತ್ತಿ, ಇವಳ್ನ ಹೆರಿಗೆ ಆಗಗಂಟ ಒಲೆ ಹತ್ರ ಬಿಡ್ಬ್ಯಾಡಿ. ಬಾಕಿ ಇನ್ನೂ ಹಂಗೇ ಐತೆ."

"ಬಿಡ್ತೀವಾ?" ಅಂದಳು ಅತ್ತೆ. ಕೆಂಚಪ್ಪಜ್ಜ ಮಂಚದ ಮೇಲಿಂದ ತಲೆಯಾಡಿಸಿದ.

ಮುದ್ದಯ್ಯ ಈಗಲೂ ಮುದ್ದೆ ತಿರುವುತ್ತಾನೆ. ನನ್ನ ಮಗಳು ಒಲೆಯ ಮುಂದೆ ಕೂತು ಅವನಿಗೆ ಉರಿ ಒಟ್ಟುತ್ತಾಳೆ; ನಾನು ಹೊಸ್ತಿಲಾಚೆ ನನ್ನ ಜಾಗದಲ್ಲಿ ನಿಂತಿರುತ್ತೇನೆ. ಅವ್ವ ದಿನಕ್ಕೊಂದು ಸಲ ಬಂದು ಬಟ್ಟೆ ಬದಲಿಸಿ ಹೋಗುತ್ತಾಳೆ. ಹೆಬ್ಬೆಟ್ಟಿನ ಮೇಲಿನ ಕಲೆಯ ಬಗ್ಗೆ ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ. ಊರಿಗೆ ನನ್ನಿಂದ ಒಂದು ಹುಗ್ಗಿ ಊಟ ಇನ್ನೂ ಸಂದಿಲ್ಲ.